ಟಕಟಕಣ್ಣ ಕೂಡಿಟ್ಟ ಸದ್ದುಗಳು

ನಮ್ಮ ಮನೆಯ ಹೊಲಿಗೆ ಯಂತ್ರ ಮುನಿಸಿಕೊಂಡ ದಿನವೇ ನಾನು ಟಕಟಕಣ್ಣನನ್ನು ಮೊದಲ ಸಲ ಕಂಡದ್ದು. ನನ್ನ ಹೆಂಡತಿ ದಿಂಬಿನ ಚೀಲ ಹೊಲಿಯುತ್ತಿದ್ದಳು. ಯಂತ್ರ ನಾಲ್ಕು ಹೊಲಿಗೆ ಹಾಕಿ ಎರಡು ಬಿಡುತ್ತಿತ್ತು. ಹಿಂದಿನ ದಿನವಷ್ಟೇ ಹೊಸ ಸೂಜಿ ಹಾಕಿದ್ದರಿಂದ ಅವಳಿಗೆ ಸೂಜಿಯ ಮೇಲೆ ಅನುಮಾನ ಬರಲಿಲ್ಲ. ಯಂತ್ರದ ಮೇಲೆ ಬಂತು. ಸ್ವಲ್ಪ ಹೊತ್ತಿನಲ್ಲಿ, ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತಂದ ನನ್ನ ಮೇಲೂ ಬಂತು. ಪಕ್ಕದ ಬೀದಿಯಲ್ಲಿ ಒಬ್ಬ ರಿಪೇರಿಯವನಿದ್ದಾನೆ, ಮೊದಲು ಹೋಗಿ ಕರೆದುಕೊಂಡು ಬನ್ನಿ ಎಂದಳು.

ಬಂದವನು ತೆಳ್ಳಗಿನ ಆಳು. ಹೆಗಲಿಗೊಂದು ಚೀಲ, ಜೇಬಿನಲ್ಲಿ ಎಣ್ಣೆಯ ಕಲೆಗಳಿದ್ದ ಬಟ್ಟೆಯ ತುಂಡು. ಯಂತ್ರವನ್ನು ಬಿಚ್ಚುತ್ತಾನೆಂದು ನಾನು ಹಳೆಯ ಪತ್ರಿಕೆಯನ್ನು ಹಾಸಿದೆ. ಅವನು ಬಿಚ್ಚಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ನೆತ್ತಿಗೆ ಒತ್ತಿ, ಹಿಡಿಯನ್ನು ತನ್ನ ಕಿವಿಯ ಹಿಂದಿನ ಮೂಳೆಗೆ ಆನಿಸಿಕೊಂಡು, "ತುಳೀರಿ ಅಕ್ಕಾ, ನಿಧಾನಕ್ಕೆ" ಎಂದ. ವೈದ್ಯರು ಎದೆಬಡಿತ ಕೇಳುವಂತೆ ಕೇಳಿದ. ಆಮೇಲೆ ಸೂಜಿಯ ತಿರುಪನ್ನು ಸಡಿಲಿಸಿ, ಸೂಜಿಯನ್ನು ಅರ್ಧ ಸುತ್ತು ತಿರುಗಿಸಿ, ಬಿಗಿಮಾಡಿ, ಚಿಂದಿಯ ಮೇಲೆ ಒಂದು ಗೇಣು ಹೊಲಿದು ತೋರಿಸಿದ.

"ಸೂಜಿಗೆ ಬೇಜಾರಾಗಿತ್ತು, ಮುಖ ತಿರುಗಿಸಿಕೊಂಡಿತ್ತು. ಈಗ ಸರಿಹೋಯ್ತು" ಎಂದು ಹೇಳಿ ಹೊರಟುಹೋದ.

ಅವನು ಬಾಗಿಲು ದಾಟಿದ ಮೇಲೆ ನನ್ನ ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಸೂಜಿಯ ಚಪ್ಪಟೆ ಬದಿಯನ್ನು ತಪ್ಪು ಕಡೆಗೆ ಹಾಕಿದ್ದವಳು ಅವಳೇ. "ಗೊತ್ತಾಗಿಯೂ ಹೇಳಲಿಲ್ಲ ನೋಡಿ ಆ ಪುಣ್ಯಾತ್ಮ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವನ ವಿಷಯದಲ್ಲಿ ಎರಡು ಮಾತಿರಲಿಲ್ಲ.

ಬೀದಿಯವರು ಇಟ್ಟ ಹೆಸರು ಟಕಟಕಣ್ಣ. ಅವನ ಅಂಗಡಿ ಉದ್ದನೆಯ ಒಂದೇ ಕೋಣೆ. ಬೀದಿಯ ಕಡೆಗೊಂದು ಕಿಟಕಿ, ಕಿಟಕಿಯ ಕೆಳಗೆ ಗೋಡೆಯುದ್ದಕ್ಕೂ ಒಂದು ಮರದ ಮೇಜು. ಗೋಡೆಯ ಮೊಳೆಗಳಿಗೆ ಚರ್ಮದ ಬೆಲ್ಟುಗಳು ತೂಗುಬಿದ್ದಿದ್ದವು. ಮೇಲಿನ ಹಲಗೆಯ ತಳಕ್ಕೆ ಗಾಜಿನ ಬಾಟಲಿಗಳ ಮುಚ್ಚಳಗಳನ್ನು ಮೊಳೆ ಹೊಡೆದು ಕೂರಿಸಿದ್ದ. ಬಾಟಲಿಗಳು ಅವಕ್ಕೆ ಸಿಕ್ಕಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದವು. ಒಂದರಲ್ಲಿ ಬಾಬಿನ್ನು, ಒಂದರಲ್ಲಿ ಸ್ಪ್ರಿಂಗು, ಒಂದರಲ್ಲಿ ತಿರುಪು. ಮೇಜಿನ ಒಂದು ತುದಿಯ ಸ್ಟೂಲಿನಲ್ಲಿ ಅವನು, ಇನ್ನೊಂದು ತುದಿಯ ಸ್ಟೂಲಿನಲ್ಲಿ ಅವನ ತಮ್ಮ.

ತಂದೆ ಹೋದ ಮೇಲೆ ತಮ್ಮನನ್ನು ಓದಿಸಿದವನೂ ಕೆಲಸ ಕಲಿಸಿದವನೂ ಅಣ್ಣನೇ. ನಾನು ನೋಡುವ ಹೊತ್ತಿಗೆ ಆ ತಮ್ಮನ ಮೀಸೆಯೂ ನರೆಯತೊಡಗಿತ್ತು. ಅಣ್ಣ ಅರ್ಧ ಮಾತು ಆಡುವಷ್ಟರಲ್ಲಿ ಬೇಕಾದ ಸಲಕರಣೆ ಅವನ ಅಂಗೈಯಲ್ಲಿರುತ್ತಿತ್ತು. ತಮ್ಮ ಮಾತುಗಾರ. "ಮದುವೆ ದಿನ ಅತ್ತಿಗೆ ಏನೋ ಹೇಳಿದ್ರೆ ನಮ್ಮಣ್ಣನಿಗೆ ಕೇಳಿಸ್ಲಿಲ್ಲ ಮೇಷ್ಟ್ರೇ, ಪಕ್ಕದ ಮನೆ ಮಿಷನ್ನಿಗೆ ಎಣ್ಣೆ ಇಲ್ಲ ಅನ್ನೋದು ಕೇಳಿಸ್ತು" ಎಂದು ನಗಿಸುತ್ತಿದ್ದ. ಅಣ್ಣ ತಲೆಯೆತ್ತದೆ, "ಎಣ್ಣೆ ಇರಲಿಲ್ಲ ಕಣೋ, ನಿಜವಾಗ್ಲೂ" ಎನ್ನುತ್ತಿದ್ದ. ನಿವೃತ್ತಿಯಾದ ಮೇಲೆ ನನಗೆ ಸಂಜೆಗಳನ್ನು ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲ. ಹಿಡಿ ಮುರಿದ ಕುರ್ಚಿಯೊಂದು ನನ್ನದೇ ಆಯಿತು.

ಟಕಟಕಣ್ಣನ ಎರಡು ಪದ್ಧತಿಗಳನ್ನು ಇಲ್ಲಿ ಹೇಳಲೇಬೇಕು. ಒಂದು, ದೋಷ ಹುಡುಕುವ ಕ್ರಮ. ಮೊದಲು ಸೂಜಿಯನ್ನು ನೋಡುತ್ತಿದ್ದ, ಆಮೇಲೆ ದಾರವನ್ನು, ಆಮೇಲೆ ಯಂತ್ರವನ್ನು. ಅದರಿಂದಾಚೆಗೆ ಹೋಗುತ್ತಿರಲಿಲ್ಲ. ಬೇರೆ ರಿಪೇರಿಯವರು "ನಿಮಗೆ ತುಳಿಯೋಕೆ ಬರಲ್ಲ" ಎಂದು ಗಿರಾಕಿಯ ಮೇಲೆ ಹಾಕುತ್ತಿದ್ದರು. ಇವನ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ. ಮನುಷ್ಯರ ಮೇಲೆ ಅನುಮಾನಪಡುತ್ತ ಕೂತರೆ ಮಿಷನ್ ನೋಡೋದು ಯಾವಾಗ ಎನ್ನುತ್ತಿದ್ದ.

ಇನ್ನೊಂದು, ಎಣ್ಣೆ. ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆಯ ಹನಿ ಬೀಳುವುದು ಅವನಿಗೆ ಆಗದು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಪ್ರತಿ ಸಂದನ್ನೂ ಉಜ್ಜಿ, ಬಟ್ಟೆಗೆ ಕಪ್ಪು ಹತ್ತುವುದು ನಿಂತ ಮೇಲೆಯೇ ಎಣ್ಣೆಯ ಕುಪ್ಪಿ ಮುಟ್ಟುವುದು. ತಮ್ಮ ಅವಸರದಲ್ಲಿ ಒಂದು ಹನಿ ಬಿಟ್ಟನೋ, ಬಟ್ಟೆ ಮೇಜಿನ ಆ ತುದಿಗೆ ಹಾರಿಬರುತ್ತಿತ್ತು. "ಒರೆಸು" ಎನ್ನುತ್ತಿದ್ದ. ಅಷ್ಟೇ. ಹಳೆಯದು ಸ್ವಲ್ಪ ಉಳಿದರೂ ಹೊಸದನ್ನು ಕೆಡಿಸುತ್ತದೆ ಎಂಬುದು ಅವನ ಖಚಿತವಾದ ನಂಬಿಕೆ.

ಇಂಥವನಿಗೆ ಕಿವಿ ಕೈಕೊಟ್ಟಿತು. ಎದುರಿಗೆ ನಿಂತು ಮಾತಾಡಿದರೆ ತಿಳಿಯುತ್ತಿತ್ತು, ಸೂಕ್ಷ್ಮವಾದ ಸದ್ದು ಮಾತ್ರ ಕೇಳಿಸದಾಯಿತು. ಕೊಡೆ ರಿಪೇರಿಯವನು ಒಂದೇ ಯಂತ್ರವನ್ನು ಮತ್ತೆ ಮತ್ತೆ ಹೊತ್ತುತಂದ. "ಏನಣ್ಣಾ, ನನ್ನ ಮಿಷನ್ನಿಗೆ ನಿನ್ನ ಅಂಗಡಿ ಮೇಲೆ ಪ್ರೀತಿ ಬಂದುಬಿಟ್ಟಿದೆ" ಎಂದು ನಕ್ಕ. ಟಕಟಕಣ್ಣನೂ ನಕ್ಕ. ಆದರೆ ಕೊಡೆಯವನು ಹೋದ ಮೇಲೆ ಇವನು ಸ್ಕ್ರೂಡ್ರೈವರನ್ನು ಕಿವಿಗೆ ಆನಿಸಿಕೊಂಡು ಬಹಳ ಹೊತ್ತು ಕೂತಿದ್ದುದನ್ನು ನಾನು ಕಂಡೆ. ಕಿವಿ ಹೋದರೆ ಕೆಲಸ ಹೋಯಿತು. ಆ ಕೆಲಸ ಬಿಟ್ಟು ಅವನಿಗೆ ಬೇರೇನೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ದಾರಿ ಹುಡುಕಿದವನು ತಮ್ಮ. ಈ ಮಾತನ್ನು ನಾನು ಮರೆಯಬಾರದು. ಯಾವುದೋ ಕಚೇರಿಯವರು ಹಳೆಯ ಸಾಮಾನು ಖಾಲಿಮಾಡುವಾಗ ಒಂದು ಲ್ಯಾಪ್‌ಟಾಪನ್ನು ಕೊಂಡುತಂದ. ಅದರ ಒಂದು ಮೂಲೆ ಒಡೆದಿತ್ತು, ಎರಡು ಕೀಲಿಗಳ ಮೇಲೆ ಅಕ್ಷರ ಅಳಿಸಿಹೋಗಿತ್ತು. ಅದಕ್ಕೆ ಬಟಾಣಿಯಷ್ಟು ಗಾತ್ರದ ಮೈಕು ಸಿಕ್ಕಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಮೈಕನ್ನು ಯಂತ್ರದ ನೆತ್ತಿಗೆ ಕಚ್ಚಿಸಿದ. ಅಣ್ಣ ತುಳಿದರೆ ತೆರೆಯ ಮೇಲೆ ಸದ್ದಿನ ಚಿತ್ರ ಮೂಡುತ್ತಿತ್ತು. ಆರೋಗ್ಯವಾಗಿರುವ ಯಂತ್ರದ ಚಿತ್ರ ಬಾಚಣಿಗೆಯ ಹಲ್ಲುಗಳಂತೆ ಒಂದೇ ಸಮ. ಎಲ್ಲಾದರೂ ಸವೆದಿದ್ದರೆ ಒಂದು ಹಲ್ಲು ಗಿಡ್ಡ, ಇಲ್ಲವೇ ಎರಡು ಹಲ್ಲುಗಳ ನಡುವೆ ಒಂದು ಮುಳ್ಳು. ಕೇಳಿಸದ್ದು ಹೀಗೆ ಕಾಣಿಸತೊಡಗಿತು.

ಆದರೆ ಒಂದೊಂದು ಯಂತ್ರದ ಬಾಚಣಿಗೆ ಒಂದೊಂದು ಬಗೆ. ಹಾಸಿಗೆ ಹೊಲಿಯುವವನ ಯಂತ್ರಕ್ಕೆ ಸಹಜವಾದದ್ದು ರವಿಕೆ ಹೊಲಿಯುವವಳ ಯಂತ್ರಕ್ಕೆ ರೋಗ. ಆದ್ದರಿಂದ ರಿಪೇರಿ ಮುಗಿದ ಪ್ರತಿ ಯಂತ್ರದ ಸದ್ದನ್ನೂ ತೆಗೆದಿಡಬೇಕು. ಮುಂದೆ ಅದು ಕೆಟ್ಟು ಬಂದಾಗ ಪಕ್ಕದಲ್ಲಿಟ್ಟು ಹೋಲಿಸಬೇಕು. ಬ್ಯಾಗು ಹೊಲಿಯುವವರದು, ಆಸ್ಪತ್ರೆಯ ಬಟ್ಟೆ ಕೋಣೆಯದು, ಶಾಲೆಯ ಸಮವಸ್ತ್ರದ ಅಂಗಡಿಯವು, ನಮ್ಮ ಮನೆಯದು, ಎಲ್ಲವನ್ನೂ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೂಡಿಟ್ಟರು. ಮೊಟ್ಟಮೊದಲು ತೆಗೆದದ್ದು ಅವರ ತಾಯಿ ಹೊಲಿಯುತ್ತಿದ್ದ ಯಂತ್ರದ ಸದ್ದು. ಆ ಯಂತ್ರ ತಮ್ಮನ ಮನೆಯಲ್ಲಿತ್ತು. ಪ್ರತಿ ಸಲವೂ ತಮ್ಮ ಮೈಕಿನ ಬಳಿ ಬಾಗಿ, ಯಂತ್ರ ಯಾರದೆಂದು ಹೇಳಿ, "ಅಣ್ಣಾ, ತುಳಿ" ಎನ್ನುತ್ತಿದ್ದ. ಅಣ್ಣ ತುಳಿಯುತ್ತಿದ್ದ.

ಬಂದಾಗಲೇ ಹಳತಾಗಿದ್ದ ಲ್ಯಾಪ್‌ಟಾಪು ಇನ್ನೂ ಹಳತಾಯಿತು. ಅದು ಎದ್ದೇಳುವಷ್ಟರಲ್ಲಿ ಟೀ ಕುಡಿದು ಲೋಟ ತೊಳೆದಿಡಬಹುದಾಗಿತ್ತು. ಸದ್ದು ತೆಗೆಯುತ್ತಿರುವಾಗಲೇ ನಡುವೆ ನಿಂತುಬಿಡುತ್ತಿತ್ತು. ಬೀದಿಯ ತುದಿಯಲ್ಲಿ ಪ್ರಿಂಟರಿನ ಇಂಕು ತುಂಬುವ ಅಂಗಡಿಯವರೊಬ್ಬರಿದ್ದಾರೆ. ಕಂಪ್ಯೂಟರಿನ ವಿಷಯದಲ್ಲಿ ಬೀದಿಗೆಲ್ಲ ಅವರೇ ದಿಕ್ಕು. ಇದರೊಳಗಿರುವ ವ್ಯವಸ್ಥೆ ಈ ವಯಸ್ಸಿನ ಯಂತ್ರಕ್ಕೆ ಭಾರ, ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿ, ಹಗುರವಾಗಿರುತ್ತದೆ, ಬಿಟ್ಟಿಯಾಗಿಯೂ ಸಿಗುತ್ತದೆ ಎಂದು ಹೇಳಿ, ಅದನ್ನು ತುಂಬಿದ ಪೆನ್‌ಡ್ರೈವ್ ಒಂದನ್ನು ಕೊಟ್ಟರು. ಹಾಕುವ ಮೊದಲು ಒಳಗಿರುವುದನ್ನೆಲ್ಲ ಬೇರೆ ಕಡೆ ತೆಗೆದಿಟ್ಟುಕೊಳ್ಳಿ ಎಂದೂ ಎಚ್ಚರಿಸಿದರು. ಆ ಕೆಲಸ ನನ್ನದು ಎಂದ ತಮ್ಮ. ತನ್ನದೇ ಪೆನ್‌ಡ್ರೈವಿನಲ್ಲಿ ಎಲ್ಲವನ್ನೂ ತುಂಬಿದೆನೆಂದು ಕೆಲವು ದಿನಗಳಲ್ಲಿ ಅದನ್ನು ತಂದು ಮೇಜಿನ ಖಾನೆಯಲ್ಲಿಟ್ಟ.

ಲಿನಕ್ಸ್ ಹಾಕಿದ ಮಧ್ಯಾಹ್ನ ನಾನೂ ನನ್ನ ಕುರ್ಚಿಯಲ್ಲಿದ್ದೆ. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆಗಳು ಬರುತ್ತಿದ್ದವು. ತಮ್ಮ ಓದಿ ಹೇಳುತ್ತಿದ್ದ, ಅಣ್ಣ ಉತ್ತರ ಕೊಡುತ್ತಿದ್ದ. ಭಾಷೆ ಯಾವುದು, ಗಡಿಯಾರ ಯಾವ ಕಡೆಯದು ಎಂಬುದೆಲ್ಲ ಮುಗಿದು ಒಂದು ಪ್ರಶ್ನೆ ಬಂತು.

"ಹಳೇದನ್ನ ಹಂಗೇ ಇಟ್ಟು ಪಕ್ಕದಲ್ಲಿ ಹಾಕ್ಲೋ, ಪೂರ್ತಿ ಅಳಿಸಿ ಹಾಕ್ಲೋ ಅಂತಿದೆ ಅಣ್ಣಾ."

"ಅದನ್ನೂ ಕೇಳಬೇಕಾ? ಒರೆಸು" ಎಂದ ಟಕಟಕಣ್ಣ. ಆಮೇಲೆ ತಮ್ಮನ ಮುಖ ನೋಡಿ, "ಎಲ್ಲ ತೆಗೆದಿಟ್ಟಿದ್ದೀಯ ತಾನೆ?" ಎಂದ.

"ಹೂಂ" ಎಂದ ತಮ್ಮ. ಸ್ವಲ್ಪ ತಡೆದು, "ನಿನ್ನ ಲ್ಯಾಪ್‌ಟಾಪು. ನೀನೇ ಒತ್ತಣ್ಣ" ಎಂದು ಪಕ್ಕಕ್ಕೆ ಸರಿದು ಕೂತ.

ಅಣ್ಣನಿಗೆ ಮರ್ಯಾದೆ ಕೊಟ್ಟ ಎಂದುಕೊಂಡೆ ನಾನು. ಟಕಟಕಣ್ಣ ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಒತ್ತಿದ.

ಹಾಕುವುದು ಮುಗಿದು ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದರೆ ತೆರೆಯೆಲ್ಲ ಕಪ್ಪು. ಎಡಗಡೆಯ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಬಿಳಿಗೆರೆ ಕಣ್ಣು ಮಿಟುಕಿಸುತ್ತಿತ್ತು, ಅಷ್ಟೇ. ತಮ್ಮ ಏನೋ ಕೆಲಸವಿದೆಯೆಂದು ಬೇಗ ಹೊರಟ. ಮಾರನೆಯ ದಿನ ಬಂದದ್ದೂ ತಡವಾಗಿ. ಟಕಟಕಣ್ಣ ತನ್ನ ಕ್ರಮದಂತೆ ಯೋಚಿಸಿದ. ಹಳೆಯದು ಎಲ್ಲೋ ಸಂದಿಯಲ್ಲಿ ಉಳಿದುಕೊಂಡಿದೆ, ಸರಿಯಾಗಿ ಒರೆಸಿಲ್ಲ. ಆದ್ದರಿಂದಲೇ ಹೊಸದು ಕೂರುತ್ತಿಲ್ಲ. ಮತ್ತೆ ಮೊದಲಿಂದ ಅಳಿಸಿ ಹಾಕಿದ. ಕಪ್ಪು ಹೋಗಲಿಲ್ಲ. ಇನ್ನೊಮ್ಮೆ ಅಳಿಸಿ ಹಾಕಿದ. ಆ ಬಿಳಿಗೆರೆ ಅವನನ್ನು ನೋಡಿ ಮಿಟುಕಿಸುತ್ತಲೇ ಇತ್ತು.

ಕೊನೆಗೆ ಇಂಕಿನಂಗಡಿಯವರೇ ಬಿಡುವು ಮಾಡಿಕೊಂಡು ಬಂದರು. ಒರೆಸುವುದರಲ್ಲಿ ಏನೂ ತಪ್ಪಿಲ್ಲ, ಈ ಹಳೆಯ ಯಂತ್ರದ ಚಿತ್ರ ಮೂಡಿಸುವ ಭಾಗಕ್ಕೂ ಲಿನಕ್ಸಿಗೂ ಮೊದಲ ಪರಿಚಯವಾಗಿಲ್ಲ ಎಂದರು. ಹಚ್ಚುವಾಗ ಒಂದು ಕೀಲಿಯನ್ನು ಒತ್ತಿಹಿಡಿದು, ಬಂದ ಪಟ್ಟಿಯೊಳಗೆ ಹೋಗಿ, ಒಂದು ಸಾಲಿನ ಕೊನೆಯಲ್ಲಿ ಒಂದು ಪದವನ್ನು ಸೇರಿಸಿದರು. ಕಪ್ಪು ಸರಿದು ತಿಳಿನೀಲಿ ತೆರೆ ಬಂತು. "ಇಷ್ಟೇನಾ" ಎಂದ ಟಕಟಕಣ್ಣ. "ಇಷ್ಟು ಗೊತ್ತಾಗೋಕೆ ನನ್ನ ಅರ್ಧ ಕೂದಲು ಹೋಗಿದೆ" ಎಂದು ಅವರು ಬೋಳು ತಲೆ ಸವರಿಕೊಂಡರು.

ಆಮೇಲೆ ಇಂಟರ್ನೆಟ್ ಹಿಡಿಯಲಿಲ್ಲ. ಫೋನನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಆ ದಾರಿಯಲ್ಲಿ ಬೇಕಾದದ್ದನ್ನು ಇಳಿಸಿಕೊಂಡ ಮೇಲೆ ಅದೂ ಸರಿಹೋಯಿತು. ಆಮೇಲೆ ಮೈಕು ಸತ್ತಂತೆ ಬಿದ್ದಿತ್ತು. ಎಷ್ಟು ತುಳಿದರೂ ತೆರೆಯ ಮೇಲೆ ನೇರವಾದ ಗೆರೆ. ಟಕಟಕಣ್ಣ ಮೈಕು ಬದಲಿಸಿದ, ತಂತಿ ಬದಲಿಸಿದ, ಪ್ರತಿ ಗುಂಡಿಯನ್ನೂ ತಡವಿದ. ಒಳಗೆಲ್ಲೋ ಮೈಕಿನ ಬಾಯನ್ನು ಮುಚ್ಚಿಟ್ಟ ಒಂದು ಗುರುತು ಸಿಕ್ಕಿತು. ಅದನ್ನು ತೆಗೆದು, ಮೇಜಿನ ಮೇಲಿದ್ದ ಯಂತ್ರವನ್ನು ತುಳಿದಾಗ ಬಾಚಣಿಗೆಯ ಹಲ್ಲುಗಳು ಸಾಲಾಗಿ ಹೊರಟವು. ಅವನು ತುಳಿಯುವುದನ್ನು ನಿಲ್ಲಿಸಲೇ ಇಲ್ಲ. ಮುಖದಲ್ಲಿ ನಗು, ಹಣೆಯಲ್ಲಿ ಬೆವರು.

ಉಳಿದದ್ದು ಸುಲಭದ ಕೆಲಸ, ತಮ್ಮ ತೆಗೆದಿಟ್ಟದ್ದನ್ನು ಒಳಗೆ ತುಂಬುವುದು. ಖಾನೆಯಿಂದ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿದ. ಹೆಸರುಗಳೆಲ್ಲ ಇದ್ದವು. ಕೊಡೆಯವನದು, ಹಾಸಿಗೆಯವನದು, ನಮ್ಮ ಮನೆಯದು, ಅಮ್ಮನದು. ಒತ್ತಿದರೆ ಯಾವುದೂ ತೆರೆಯಲಿಲ್ಲ. ಇದನ್ನು ಯಾವುದರಿಂದ ತೆರೆಯಲಿ ಎಂದು ಲಿನಕ್ಸ್ ತಿರುಗಿ ಅವನನ್ನೇ ಕೇಳುತ್ತಿತ್ತು.

ಅಲ್ಲಿಂದ ಅವನ ಪಾಡು ಶುರುವಾಯಿತು. ಲಿನಕ್ಸಿಗೆ ಹಳೆಯ ಕಡತಗಳ ಭಾಷೆ ಬರುವುದಿಲ್ಲವೆಂದುಕೊಂಡ. ಹಾಡು ಕೇಳಿಸುವ ತಂತ್ರಾಂಶಗಳನ್ನು ಒಂದಾದ ಮೇಲೊಂದರಂತೆ ಹಾಕಿದ, ತೆಗೆದ. ಪೆನ್‌ಡ್ರೈವ್ ಸಿಕ್ಕಿಸುವ ಕಿಂಡಿಯನ್ನು ಊದಿದ, ಹತ್ತಿಯಿಂದ ಒರೆಸಿದ, ಬೇರೆ ಕಿಂಡಿಗೆ ಹಾಕಿ ನೋಡಿದ. ಸೂಜಿ, ದಾರ, ಯಂತ್ರ. ಮತ್ತೆ ಸೂಜಿ, ದಾರ, ಯಂತ್ರ. ಇತ್ತ ಅಂಗಡಿಯಲ್ಲಿ ರಿಪೇರಿಗೆ ಬಂದ ಯಂತ್ರಗಳು ಗೋಡೆಗೆ ಒರಗಿ ಕಾಯುತ್ತಿದ್ದವು. ಹೋಲಿಸಲು ಆರೋಗ್ಯದ ಸದ್ದಿಲ್ಲದೆ ಅವನು ಯಾವುದನ್ನೂ ಮುಗಿಸಲಾರ. ಸಮವಸ್ತ್ರದ ಅಂಗಡಿಯವರು ಕಾದು ಬೇಸತ್ತು, ತಮ್ಮವನ್ನು ಹಾಗೆಯೇ ತೆಗೆದುಕೊಂಡು ಹೋದರು. ತಮ್ಮನನ್ನು ಕೇಳಿದರೆ, "ಲಿನಕ್ಸ್ ಅಲ್ವಾ, ಹಂಗೇ ಇರುತ್ತೆ. ಬಿಟ್ಟಾಕಣ್ಣ, ಎಷ್ಟು ದಿನ ಅಂತ ಒದ್ದಾಡ್ತೀಯ" ಎನ್ನುತ್ತಿದ್ದ. ತನ್ನ ಕಷ್ಟ ನೋಡಲಾರದೆ ಹಾಗೆ ಹೇಳುತ್ತಾನೆ ಎಂದು ಅಣ್ಣ ನನಗೆ ಸಮಜಾಯಿಷಿ ಕೊಡುತ್ತಿದ್ದ.

ಒಂದು ಸಂಜೆ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಅವನು ಇಂಕಿನಂಗಡಿಗೆ ಹೊರಟ. ನಾನೂ ಜೊತೆಗೆ ಹೋದೆ. ಅಂಗಡಿಯವರು ಪೆನ್‌ಡ್ರೈವಿನೊಳಗೆ ಇಣುಕಿದ ಕೂಡಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇವು ಸದ್ದುಗಳಲ್ಲ, ಶಾರ್ಟ್‌ಕಟ್‌ಗಳು. ಸಾಮಾನು ಆ ಕೋಣೆಯಲ್ಲಿದೆ ಅಂತ ಬಾಗಿಲಿಗೆ ಚೀಟಿ ಅಂಟಿಸ್ತೀವಲ್ಲ, ಆ ಚೀಟಿಗಳು. ಚೀಟಿಗಳನ್ನ ಕಿತ್ಕೊಂಡು ಬಂದಿದ್ದೀರಿ, ಸಾಮಾನು ಅಲ್ಲೇ ಬಿಟ್ಟಿದ್ದೀರಿ. ಯಾಕೆ, ನಿಮ್ಮ ತಮ್ಮ ಹೇಳ್ಲಿಲ್ವಾ? ಅವತ್ತೇ ತೋರಿಸಿ ಕಳಿಸಿದ್ನಲ್ಲ."

"ಅವತ್ತು ಅಂದ್ರೆ?"

"ಲಿನಕ್ಸ್ ಹಾಕೋಕೆ ಮುಂಚೆ. ಏನೋ ಪ್ರಿಂಟ್ ತೆಗೆಸೋಕೆ ಇದನ್ನೇ ತಂದಿದ್ರು. ಇದರಲ್ಲಿ ಏನೂ ಇಲ್ಲ, ಅಸಲು ಲ್ಯಾಪ್‌ಟಾಪಲ್ಲೇ ಇದೆ, ಸರಿಯಾಗಿ ತೆಗೆದಿಟ್ಟುಕೊಂಡು ಆಮೇಲೆ ಅಳಿಸಿ ಅಂದೆ. ಹೂಂ ಅಂದ್ರು."

ಟಕಟಕಣ್ಣ ಮುಖವನ್ನು ಮುಂದೆ ತಂದು, "ಇನ್ನೊಂದು ಸಲ ಹೇಳಿ. ನನಗೆ ಸರಿಯಾಗಿ ಕೇಳಿಸ್ಲಿಲ್ಲ" ಎಂದ. ಅವನಿಗೆ ಕೇಳಿಸಿತ್ತು. ಪಾಪ, ಅವರು ಕಿವುಡನಿಗೆ ಹೇಳುವಂತೆ ದನಿಯೆತ್ತಿ ಹೇಳಿದರು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು.

ಹಿಂತಿರುಗುವಾಗ ದಾರಿಯಲ್ಲಿ, ಮರೆತಿರಬೇಕು ಎಂದ. ಸ್ವಲ್ಪ ದೂರ ಹೋದ ಮೇಲೆ, ಅವರು ಹೇಳಿದ್ದು ಇವನಿಗೆ ಅರ್ಥವಾಗಿರಲಿಕ್ಕಿಲ್ಲ ಎಂದ. ಅಂಗಡಿ ಕಾಣಿಸುವ ತಿರುವಿನಲ್ಲಿ ನಿಂತುಬಿಟ್ಟ.

"ಪಕ್ಕದಲ್ಲೇ ಕೂತಿದ್ದ ಮೇಷ್ಟ್ರೇ. ಓದಿ ಹೇಳಿದ್ದೇ ಅವನು."

ನಾನು ಅವನ ಕಂಕುಳಿಂದ ಲ್ಯಾಪ್‌ಟಾಪನ್ನು ಇಸಿದುಕೊಂಡೆ.

ತಮ್ಮ ಒಂದು ಯಂತ್ರವನ್ನು ಪಕ್ಕಕ್ಕೆ ವಾಲಿಸಿಕೊಂಡು ಎಣ್ಣೆ ಹಾಕುತ್ತಿದ್ದ. ಅಣ್ಣ ಪೆನ್‌ಡ್ರೈವನ್ನು ಅವನ ಮುಂದೆ ಇಟ್ಟು, ತನ್ನ ಸ್ಟೂಲನ್ನು ಎಳೆದುಕೊಂಡು ಹತ್ತಿರ ಕೂತ.

"ಇಂಕಿನಂಗಡಿಯವರು ಹೇಳಿದ್ದು ಮರೆತುಹೋಯ್ತೇನೋ?" ಎಂದು ಕೇಳಿದ. ಮೆಲ್ಲಗೆ ಕೇಳಿದ. ಹೂಂ ಎಂದರೆ ಸಾಕಿತ್ತು. ಅಣ್ಣ ನಂಬಲು ಸಿದ್ಧನಾಗಿ ಬಂದಿದ್ದ.

"ಮರೆತಿರ್ಲಿಲ್ಲ" ಎಂದ ತಮ್ಮ.

ಆಮೇಲೆ ಅವನೇ ತಡೆತಡೆದು ಹೇಳಿಕೊಂಡ. ಮೊದಲು ಆದದ್ದು ತಪ್ಪೇ. ಚೀಟಿಗೂ ಸಾಮಾನಿಗೂ ವ್ಯತ್ಯಾಸ ಅವನಿಗೆ ತಿಳಿದಿರಲಿಲ್ಲ. ತಿಳಿದಾಗ ಅಳಿಸಲು ಇನ್ನೂ ದಿನಗಳಿದ್ದವು. ಅಷ್ಟರಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಅವನಿಗೆ ಯಂತ್ರಗಳ ಉಸ್ತುವಾರಿಯ ಕೆಲಸ ಸಿಕ್ಕಿತ್ತು. ಪ್ರಿಂಟ್ ತೆಗೆಸಿದ್ದು ಅದರ ಕಾಗದವನ್ನೇ. ತಾನು ಹೋದರೆ, ಕಿವಿ ಕೇಳಿಸದ ಅಣ್ಣನನ್ನು ಅಂಗಡಿಯಲ್ಲಿ ಒಬ್ಬನನ್ನೇ ಬಿಟ್ಟುಹೋದ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಆದರೆ ಸದ್ದುಗಳು ಇಲ್ಲವಾದರೆ ಅಣ್ಣನೇ ಅಂಗಡಿ ಮುಚ್ಚುತ್ತಾನೆ.

"ಅಂಗಡಿ ತಾನಾಗೇ ನಿಂತುಹೋದ್ರೆ, ನಾನು ಹೋಗ್ತೀನಿ ಅಂತ ಹೇಳೋ ಕೆಲಸ ಇರಲ್ಲ ಅಂದ್ಕೊಂಡೆ. ನಾನು ಏನೂ ಮಾಡ್ಲಿಲ್ಲ ಅಣ್ಣಾ. ಸುಮ್ಮನೆ ಕೂತೆ. ಅಳಿಸ್ಲಾ ಅಂತ ಅದು ಕೇಳಿದ ತಕ್ಷಣ ನೀನು ಒರೆಸು ಅಂತೀಯ ಅಂತ ಗೊತ್ತಿತ್ತು."

ಟಕಟಕಣ್ಣ ತಮ್ಮನ ಬಾಯನ್ನೇ ನೋಡುತ್ತಿದ್ದ, ಇನ್ನೇನಾದರೂ ಹೇಳುತ್ತಾನೇನೋ ಎಂಬಂತೆ.

"ಹೋಗ್ತೀನಿ ಅಂದಿದ್ರೆ ಬೇಡ ಅಂತಿದ್ನೇನೋ? ನಿನ್ನ ಸಾಮಾನೆಲ್ಲ ನಾನೇ ಕಟ್ಟಿಕೊಡ್ತಿದ್ದೆ."

"ಅದಕ್ಕೇ ಹೇಳೋಕಾಗ್ಲಿಲ್ಲ" ಎಂದ ತಮ್ಮ.

ವಾಲಿಸಿದ್ದ ಯಂತ್ರದ ಸಂದಿನಲ್ಲಿ ಹಳೆಯ ಎಣ್ಣೆಯ ಮೇಲೆಯೇ ಹೊಸ ಎಣ್ಣೆ ಹರಿದು ಮೇಜಿಗೆ ತೊಟ್ಟಿಕ್ಕುತ್ತಿತ್ತು. ಟಕಟಕಣ್ಣ ಅದನ್ನು ನೋಡಿದ. ಬಟ್ಟೆ ಅವನ ಜೇಬಿನಲ್ಲೇ ಇತ್ತು. ಒರೆಸು ಎನ್ನಲಿಲ್ಲ.

ತಮ್ಮ ಮರುದಿನದಿಂದ ಬರಲಿಲ್ಲ. ಇಂಕಿನಂಗಡಿಯವರು ತಾವೇ ಬಂದು, ಅಳಿಸಿದ್ದನ್ನು ಹುಡುಕಿ ಹೆಕ್ಕುವ ತಂತ್ರಾಂಶವೊಂದನ್ನು ಲ್ಯಾಪ್‌ಟಾಪಿನ ಮೇಲೆ ಓಡಿಸಿದರು. ಒಂದೇ ಸಲ ಅಳಿಸಿದ್ದರೆ ಬಹಳಷ್ಟು ಸಿಗುತ್ತಿತ್ತಂತೆ. ಕಪ್ಪು ತೆರೆಯ ಕಾಟಕ್ಕೆ ಮತ್ತೆ ಮತ್ತೆ ಒರೆಸಿ ಹಾಕಿದ್ದರಿಂದ ಸದ್ದಿನ ಚೂರುಗಳಷ್ಟೇ ಸಿಕ್ಕವು. ಯಾವುದಕ್ಕೂ ಹೆಸರಿರಲಿಲ್ಲ. ತಲೆಯಿದ್ದರೆ ಬಾಲವಿಲ್ಲ, ಬಾಲವಿದ್ದರೆ ತಲೆಯಿಲ್ಲ. ಟಕಟಕಣ್ಣ ಅವನ್ನು ಒಂದೊಂದಾಗಿ ತೆರೆದು ಚಿತ್ರ ನೋಡಿದ. ಒಂದು ಚೂರಿನಲ್ಲಿ ಬಾಚಣಿಗೆಯ ಹಲ್ಲುಗಳಿರಲಿಲ್ಲ, ಉಬ್ಬುತಗ್ಗಿನ ಒಂದು ಸಣ್ಣ ಗುಡ್ಡೆಯಿತ್ತು. ಇದು ಯಾವ ಯಂತ್ರವೋ ತಿಳಿಯುತ್ತಿಲ್ಲ, ಸ್ವಲ್ಪ ಕೇಳಿ ಹೇಳಿ ಎಂದು ನನ್ನನ್ನು ಕರೆದ. ನಾನು ಕಿವಿಯನ್ನು ಹತ್ತಿರ ತಂದು ಕೇಳಿದೆ. ಇನ್ನೊಮ್ಮೆ ಕೇಳಿದೆ.

"ಯಾರದು ಮೇಷ್ಟ್ರೇ?"

"ಯಂತ್ರ ಅಲ್ಲಪ್ಪ. 'ಅಣ್ಣಾ, ತುಳಿ' ಅಂತಿದ್ದಾನೆ."

ಅವನು ಲ್ಯಾಪ್‌ಟಾಪಿನ ಮುಚ್ಚಳವನ್ನು ಇಳಿಸಿದ. ಅದು ತಾನಾಗಿ ನಿದ್ದೆಗೆ ಹೋಗುವವರೆಗೂ ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ. ಆ ಚೂರುಗಳನ್ನೆಲ್ಲ ಮರುದಿನ ಅಳಿಸಿಹಾಕಿದನೆಂದು ಕೇಳಿದೆ.

ಅಂಗಡಿ ಮುಚ್ಚುತ್ತಾನೆಂದು ನಾವೆಲ್ಲ ಅಂದುಕೊಂಡೆವು. ಅವನು ಮುಚ್ಚಲಿಲ್ಲ. ಮುಚ್ಚಿದರೆ ತಮ್ಮ ಎಣಿಸಿದ ಹಾಗೇ ಆಗುತ್ತದೆ ಎಂದ. ಅಷ್ಟು ಗಡುಸಾದ ಮಾತನ್ನು ನಾನು ಅವನ ಬಾಯಿಂದ ಕೇಳಿದ್ದು ಅದೊಂದೇ ಸಲ.

ಈಗ ಅವನು ಬೆಳಿಗ್ಗೆ ಅಂಗಡಿಯಲ್ಲಿ ಕೂತು, ಮಧ್ಯಾಹ್ನದ ಮೇಲೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬೀದಿ ಬೀದಿ ಸುತ್ತುತ್ತಾನೆ. ಲಿನಕ್ಸ್ ಚೆನ್ನಾಗಿಯೇ ಓಡುತ್ತಿದೆ. ಹಚ್ಚಿದರೆ ಟೀ ಆರುವ ಮೊದಲೇ ಎದ್ದು ಕೂರುತ್ತದೆ. ಎಲ್ಲಿ ಆರೋಗ್ಯವಾದ ಯಂತ್ರವಿದೆಯೋ ಅಲ್ಲಿಗೆ ತಾನೇ ಹೋಗಿ ಅದರ ಸದ್ದನ್ನು ಹೊಸದಾಗಿ ತೆಗೆದಿಡುತ್ತಾ ಬಂದಿದ್ದಾನೆ. ತೆಗೆದದ್ದನ್ನು ಅಂದೇ ಇಂಕಿನಂಗಡಿಗೆ ಹೋಗಿ ಇನ್ನೊಂದು ಕಡೆ ತುಂಬಿಸಿ, ಒಂದೊಂದನ್ನೂ ತೆರೆಸಿ ನೋಡಿ ಮನೆಗೆ ಹೋಗುತ್ತಾನೆ. ಮೊದಲು ಹಾಗೆ ನೋಡುವ ಸ್ವಭಾವ ಅವನದಾಗಿರಲಿಲ್ಲ. ಕಾರ್ಖಾನೆಯವರು ತಮ್ಮನನ್ನು ಬಹಳ ಹೊಗಳುತ್ತಾರೆಂದು ಕೊಡೆಯವನು ಸುದ್ದಿ ತಂದಾಗ, ಕಲಿತದ್ದು ಎಲ್ಲಿಗೆ ಹೋಗುತ್ತೆ ಎಂದಷ್ಟೇ ಹೇಳಿದ. ಅವನ ಹೆಂಡತಿ ನನ್ನ ಮನೆಯವಳ ಹತ್ತಿರ ಹೇಳಿಕೊಂಡಳಂತೆ: "ಮೈದುನನನ್ನ ಒಂದಿನ ಊಟಕ್ಕೆ ಕರೆಯಲಾ ಅಂದ್ರೆ ಕೇಳಿಸದವರ ಹಂಗೆ ಕೂತುಬಿಡ್ತಾರೆ ಅಕ್ಕಾ. ಯಾವುದು ನಿಜವಾಗಿ ಕೇಳಿಸಿಲ್ಲ, ಯಾವುದು ಬೇಕಂತ ಕೇಳಿಸಿಲ್ಲ ಅಂತ ನನಗೇ ಗೊತ್ತಾಗಲ್ಲ." ತಾಯಿಯ ಯಂತ್ರ ತಮ್ಮನ ಮನೆಯಲ್ಲೇ ಇದೆ. ಅದೊಂದರ ಸದ್ದು ಹೊಸ ಸಾಲಿನಲ್ಲಿಲ್ಲ.

ಮೊನ್ನೆ ನಮ್ಮ ಮನೆಗೂ ಬಂದಿದ್ದ. ಯಂತ್ರದ ಸಂದುಗಳನ್ನೆಲ್ಲ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಹೊಸ ಎಣ್ಣೆ ಬಿಟ್ಟ. ಕ್ಲಿಪ್ಪಿನಿಂದ ಮೈಕು ಕಚ್ಚಿಸಿ ಲ್ಯಾಪ್‌ಟಾಪನ್ನು ನಮ್ಮ ಊಟದ ಮೇಜಿನ ಮೇಲೆ ತೆರೆದಿಟ್ಟ. ನನ್ನ ಹೆಂಡತಿ ತುಳಿಯಲು ಕೂತಳು. ಯಾರ ಮನೆಯದೆಂದು ಮೊದಲು ಹೇಳಬೇಕಲ್ಲವೇ, ನಾನು ಹೇಳಲಾ ಎಂದು ನಾನು ಮೈಕಿನ ಕಡೆ ಬಾಗಿದೆ. ಅವನು ಕೈಯೆತ್ತಿ ತಡೆದ.

"ಮಾತು ಬೇಡ ಮೇಷ್ಟ್ರೇ. ಮಿಷನ್ ಸದ್ದು ಸಾಕು."

ನಾನು ಹಿಂದೆ ಸರಿದು ನಿಂತೆ. ಅವನು ಸ್ಕ್ರೂಡ್ರೈವರಿನ ಹಿಡಿಯಿಂದ ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದ, ನನ್ನ ಹೆಂಡತಿಯ ಕಡೆ ತಲೆಯಾಡಿಸಿದ. ಅವಳು ತುಳಿಯತೊಡಗಿದಳು. ಹಲ್ಲುಗಳು ಸಾಲಾಗಿ ಬರುವುದನ್ನು ಅವನು ತೆರೆಗೆ ಮುಖವಿಟ್ಟು ನೋಡುತ್ತಿದ್ದ.